ಗ್ರಾಮಸಂಘಗಳ ಕಾರ್ಯಶಕ್ತಿಯ ಪರೀಕ್ಷೆಯೂ ಪರೀಕ್ಷಕರ ಶಿಕ್ಷಣವೂ

ಎತ್ತುಗಳನ್ನು ಕೊಳ್ಳುವುದಕ್ಕೆ ಜಾತ್ರೆಗೆ ಹೋದ ರೈತನು ಮೈಬಣ್ಣವನ್ನೂ ಕೊಂಬಿನ ಅಂದವನ್ನೂ ಮಾತ್ರ ನೋಡಿ ಹಣವನ್ನು ಎಣಿಸಿಕೊಡುವುದಿಲ್ಲ. ಹಲ್ಲನ್ನು ನೋಡುತ್ತಾನೆ; ಗೊರಸನ್ನು ಎತ್ತಿ ನೋಡುತ್ತಾನೆ; ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ; ಅವಕಾಶವಿದ್ದರೆ ನೊಗಕ್ಕೆ ಕಟ್ಟಿ ಎರಡು ಸಾಲು ಉತ್ತೂ ನೋಡುತ್ತಾನೆ. ಆದರೆ ಅದೇ ರೈತನು ತನ್ನ ಊರಿನಲ್ಲಿ ಸ್ಥಾಪಿತವಾದ ಸಂಘವೊಂದಕ್ಕೆ ತನ್ನ ಹೆಸರನ್ನೂ ವಂತಿಗೆಯನ್ನೂ ಕೊಡುವಾಗ ಬಾಗಿಲಿನ ಮೇಲಿನ ಫಲಕವನ್ನೂ ಕಾಗದದ ಮೇಲಿನ ಮೊಹರನ್ನೂ ಅಧ್ಯಕ್ಷರ ಮನೆತನವನ್ನೂ ನೋಡಿ ತೃಪ್ತನಾಗುವುದು ಸಾಮಾನ್ಯವಾಗಿದೆ. ಎತ್ತು ಕೆಟ್ಟದ್ದಾದರೆ ಒಂದು ಮನೆಯ ಬೇಸಾಯ ಕೆಡುವುದು; ಸಂಘವು ಕೆಟ್ಟದ್ದಾದರೆ ಊರಿನ ಕೆರೆಯ ನೀರೂ ನೂರಾರು ಕುಟುಂಬಗಳ ಹಣವೂ, ಇವೆರಡಕ್ಕಿಂತ ಬೆಲೆಯುಳ್ಳ ಪರಸ್ಪರ ವಿಶ್ವಾಸವೂ ಒಟ್ಟಿಗೆ ಹೋಗುವುವು. ಒಮ್ಮೆ ಮೋಸಹೋದ ಊರಿನಲ್ಲಿ ಎರಡನೆಯ ಸಂಘವನ್ನು ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ಗ್ರಾಮದ ಮುಖಂಡರಿಗೆ ಹೇಳಬೇಕಾಗಿಲ್ಲ.

ಆದಕಾರಣ ಸಂಘಗಳ ಕಾರ್ಯಶಕ್ತಿಯನ್ನು ಕ್ರಮವಾಗಿ ಪರೀಕ್ಷಿಸುವ ಪದ್ಧತಿಯು ಬೆಳೆದುಬಂದಿದೆ. ಹಣ ಕೊಡುವ ಬ್ಯಾಂಕುಗಳೂ ಧರ್ಮಸಂಸ್ಥೆಗಳೂ ಸರ್ಕಾರದ ಯೋಜನೆಗಳೂ ಇಂತಹ ಪರೀಕ್ಷೆಗಾಗಿ ಸಲಹೆಗಾರರನ್ನು ಹಳ್ಳಿಗಳಿಗೆ ಕಳುಹಿಸುತ್ತವೆ. ಹಾಗೆ ಬಂದ ಸಲಹೆಗಾರನು ಏನನ್ನು ನೋಡಬೇಕು, ಹೇಗೆ ನೋಡಬೇಕು, ಅವನಿಗೆ ಯಾವ ಶಿಕ್ಷಣವಾಗಿರಬೇಕು ಎಂಬುದನ್ನು ಊರಿನವರೂ ತಿಳಿದಿರುವುದು ಅವಶ್ಯಕ. ಪರೀಕ್ಷೆಯ ಕ್ರಮವನ್ನು ತಿಳಿದ ಊರು ಒಳ್ಳೆಯ ಪರೀಕ್ಷಕನಿಂದ ಪ್ರಯೋಜನವನ್ನು ಪಡೆಯುವುದು. ಅರೆಬರೆ ಕಲಿತವನಿಂದಾಗುವ ಹಾನಿಯನ್ನು ತಪ್ಪಿಸಿಕೊಳ್ಳುವುದು.

ಸಂಘಗಳ ಸ್ವರೂಪ

ಇಲ್ಲಿ ಮುಖ್ಯವಾಗಿ ವಿಚಾರಿಸತಕ್ಕವು ಲಾಭಾಪೇಕ್ಷೆಯಿಲ್ಲದ ಸಂಘಗಳು. ಎಂದರೆ, ಖರ್ಚು ಕಳೆದು ಉಳಿದ ಹಣವನ್ನು ಸದಸ್ಯರು ತಮ್ಮೊಳಗೆ ಹಂಚಿಕೊಳ್ಳದೆ ಸಂಘದ ಉದ್ದೇಶಕ್ಕೇ ವಿನಿಯೋಗಿಸತಕ್ಕವು. ಕೆರೆ ಬಳಕೆದಾರರ ಸಂಘ, ಯುವಕ ಸಂಘ, ಮಹಿಳಾ ಸಮಾಜ, ವಿದ್ಯಾಸಂಸ್ಥೆ ಮೊದಲಾದುವು ಈ ವರ್ಗಕ್ಕೆ ಸೇರುತ್ತವೆ. ಕರ್ನಾಟಕದಲ್ಲಿ ಇವುಗಳಲ್ಲಿ ಅನೇಕವು ೧೯೬೦ ರ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ನೋಂದಣಿಯಾಗಿರುತ್ತವೆ. ಏಳು ಮಂದಿ ಸೇರಿ ಉದ್ದೇಶಗಳನ್ನೂ ನಿಯಮಾವಳಿಯನ್ನೂ ಬರೆದು ಸಲ್ಲಿಸಿದರೆ ನೋಂದಣಿಯು ದೊರೆಯಬಹುದು. ಆದರೆ ನೋಂದಣಿಯೆಂಬುದು ಸಂಘವು ಹುಟ್ಟಿದೆಯೆಂಬುದಕ್ಕೆ ಸಾಕ್ಷಿಯೇ ಹೊರತು ಅದು ಕೆಲಸಮಾಡಬಲ್ಲುದೆಂಬುದಕ್ಕೆ ಸಾಕ್ಷಿಯಲ್ಲ. ಮಗುವಿನ ಜನನವನ್ನು ದಾಖಲೆಯಲ್ಲಿ ಬರೆಸಿದ ಮಾತ್ರಕ್ಕೆ ಅದು ನಡೆಯಲು ಕಲಿತಂತಾಗುವುದಿಲ್ಲ.

ಸಹಕಾರ ಸಂಘಗಳೂ ರೈತ ಉತ್ಪಾದಕರ ಕಂಪನಿಗಳೂ ಕಾನೂನಿನ ದೃಷ್ಟಿಯಲ್ಲಿ ಬೇರೆ ವರ್ಗಕ್ಕೆ ಸೇರಿದುವು. ಅವುಗಳಲ್ಲಿ ಸದಸ್ಯರಿಗೆ ಲಾಭಾಂಶವು ಸಲ್ಲಬಹುದು. ಆದಾಗ್ಯೂ ಹಲವರು ಕೂಡಿ ನಡೆಸುವ ಕಾರ್ಯದಲ್ಲಿ ಬರುವ ಗುಣದೋಷಗಳು ಎಲ್ಲದಕ್ಕೂ ಸಮಾನವಾದುದರಿಂದ, ಸಹಕಾರ ಚಳವಳಿಯ ಅನುಭವವು ಈ ವಿಷಯದಲ್ಲಿ ಬಹಳ ಉಪಯುಕ್ತವಾಗಿದೆ.

ಹಿಂದಿನ ಅನುಭವ

ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ೧೯೦೪ ರಲ್ಲಿ ಜಾರಿಗೆ ಬಂದಿತು. ಮರುವರ್ಷವೇ, ಎಂದರೆ ೧೯೦೫ ರಲ್ಲಿ, ಗದಗ ಪ್ರಾಂತದ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಪ್ರಯತ್ನದಿಂದ ವ್ಯವಸಾಯದ ಸಹಕಾರಿ ಪತ್ತಿನ ಸಂಘವು ಸ್ಥಾಪಿತವಾಯಿತು. ದೇಶದ ಇಂತಹ ಸಂಘಗಳಲ್ಲಿ ಮೊದಲನೆಯದೆಂಬ ಕೀರ್ತಿಯು ಅದಕ್ಕೆ ಸಂದಿದೆ. ಅದನ್ನು ಕಟ್ಟಿದವರು ಊರಿನ ಮುಖಂಡರೇ ಎಂಬುದು ಗಮನಿಸತಕ್ಕ ಸಂಗತಿ. ಮುಂದಿನ ಹತ್ತು ವರ್ಷಗಳಲ್ಲಿ ಸಂಘಗಳ ಸಂಖ್ಯೆಯು ವೇಗವಾಗಿ ಬೆಳೆಯಿತು. ಆಗ ಸರ್ಕಾರವು ನೇಮಿಸಿದ ಮ್ಯಾಕ್ಲಗನ್ ಸಮಿತಿಯು ೧೯೧೫ ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಸಂಘವನ್ನು ನೋಂದಾಯಿಸುವುದಕ್ಕೆ ಮೊದಲೇ ಸದಸ್ಯರಿಗೆ ಸಹಕಾರದ ತತ್ತ್ವಗಳನ್ನು ಚೆನ್ನಾಗಿ ಕಲಿಸಬೇಕೆಂದೂ ಸದಸ್ಯರ ಪ್ರಾಮಾಣಿಕತೆಯೇ ಸಾಲಕ್ಕೆ ನಿಜವಾದ ಆಧಾರವೆಂದೂ ಆ ಸಮಿತಿಯು ಒತ್ತಿ ಹೇಳಿತು.

ಆ ಮಾತು ಸಾಕಷ್ಟು ಆಚರಣೆಗೆ ಬರಲಿಲ್ಲ. ಗೋರ್ವಾಲಾ ಅವರ ಅಧ್ಯಕ್ಷತೆಯಲ್ಲಿ ನಡೆದು ೧೯೫೪ ರಲ್ಲಿ ಪ್ರಕಟವಾದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯಿಂದ ತಿಳಿದುಬಂದುದೇನೆಂದರೆ, ೧೯೫೧-೫೨ ರಲ್ಲಿ ರೈತರು ಪಡೆದ ಸಾಲದಲ್ಲಿ ನೂರಕ್ಕೆ ಸುಮಾರು ಮೂರು ರೂಪಾಯಿಗಳು ಮಾತ್ರ ಸಹಕಾರ ಸಂಘಗಳಿಂದ ಬಂದಿದ್ದುವು. ಬಹುಭಾಗವು ಲೇವಾದೇವಿಗಾರರಿಂದಲೇ ಬಂದಿತ್ತು. ಅರ್ಧ ಶತಮಾನದ ಶ್ರಮಕ್ಕೆ ಇದು ಸ್ವಲ್ಪ ಫಲವೇ ಸರಿ. ಸಂಘಗಳು ಕಾಗದದ ಮೇಲೆ ಬೆಳೆದುದಕ್ಕೆ ತಕ್ಕಂತೆ ಒಳಗಿನ ಶಕ್ತಿಯು ಬೆಳೆಯದಿದ್ದುದು ಇದಕ್ಕೆ ಒಂದು ಮುಖ್ಯ ಕಾರಣವಾಗಿತ್ತು.

ಇದಕ್ಕೆ ಪ್ರತಿಯಾಗಿ ಮತ್ತೊಂದು ಅನುಭವವೂ ಕರ್ನಾಟಕದಲ್ಲಿಯೇ ದೊರೆಯುತ್ತದೆ. ೧೯೬೮ ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯು ನೆರವಾಗಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು ೧೯೮೪-೮೫ ರ ಸುಮಾರಿಗೆ ಒಡೆದುಹೋದುವು. ಆಗ ಸದಸ್ಯರು ತಮ್ಮತಮ್ಮಲ್ಲಿ ನಂಬಿಕೆಯುಳ್ಳವರು ಮಾತ್ರ ಸೇರಿ ಸಣ್ಣ ಸಣ್ಣ ಗುಂಪುಗಳನ್ನು ಕಟ್ಟಿಕೊಂಡು ಉಳಿತಾಯವನ್ನೂ ಸಾಲದ ವ್ಯವಹಾರವನ್ನೂ ನಡೆಸಿದರು. ದೊಡ್ಡ ಸಂಘದಲ್ಲಿ ಸೋತವರೇ ಸಣ್ಣ ಗುಂಪಿನಲ್ಲಿ ಗೆದ್ದರು. ೧೯೯೨ ರಲ್ಲಿ ನಬಾರ್ಡ್ ಸಂಸ್ಥೆಯು ಐನೂರು ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಸೇರಿಸುವ ಪ್ರಯೋಗವನ್ನು ಪ್ರಾರಂಭಿಸಿತು. ಜಮೀನಿನ ಆಧಾರವಿಲ್ಲದ ಇಂತಹ ಗುಂಪುಗಳ ಯೋಗ್ಯತೆಯನ್ನು ತಿಳಿಯುವುದಕ್ಕೆ ಅವುಗಳ ನಡೆಯನ್ನೇ ನೋಡಬೇಕಾಯಿತು. ಕಾಲಕ್ಕೆ ಸರಿಯಾಗಿ ಸಭೆ, ತಪ್ಪದ ಉಳಿತಾಯ, ಒಳಗಿನ ಸಾಲ, ಕಾಲಕ್ಕೆ ಮರುಪಾವತಿ, ದಿನದಿನದ ಲೆಕ್ಕದ ಪುಸ್ತಕ ಎಂಬ ಐದು ಲಕ್ಷಣಗಳು ಇಂದು ಪಂಚಸೂತ್ರಗಳೆಂದು ಹಳ್ಳಿಹಳ್ಳಿಯ ಹೆಂಗಸರ ಬಾಯಲ್ಲಿವೆ. ಸಂಘವನ್ನು ಅದರ ಆಸ್ತಿಯಿಂದಲ್ಲ, ನಡೆಯಿಂದ ಅಳೆಯಬೇಕೆಂಬ ತತ್ತ್ವವು ಇದರಲ್ಲಿ ಅಡಗಿದೆ.

ಲೆಕ್ಕದ ತನಿಖೆಗೂ ಈ ಪರೀಕ್ಷೆಗೂ ಇರುವ ಭೇದ

ಸಂಘದ ಲೆಕ್ಕಗಳನ್ನು ಪ್ರತಿವರ್ಷವೂ ಲೆಕ್ಕ ಪರಿಶೋಧಕರು ತನಿಖೆಮಾಡುತ್ತಿರುವಾಗ ಬೇರೆ ಪರೀಕ್ಷೆಯೇಕೆಂದು ಕೆಲವರು ಕೇಳಬಹುದು. ಲೆಕ್ಕದ ತನಿಖೆಯು ಹಿಂದಿನ ವರ್ಷದಲ್ಲಿ ಹಣವು ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂಬುದನ್ನು ತೋರಿಸುವುದು. ಅದು ಅತ್ಯವಶ್ಯಕ. ಆದರೆ ಮುಂದಿನ ವರ್ಷ ಕಾರ್ಯದರ್ಶಿಯು ಊರು ಬಿಟ್ಟುಹೋದರೆ ಕೆಲಸವು ನಡೆಯುವುದೇ, ಮಳೆ ಕಡಮೆಯಾದರೆ ನೀರಿನ ಹಂಚಿಕೆಯಲ್ಲಿ ಜಗಳವಾಗದೆ ನಿಭಾಯಿಸುವ ಶಕ್ತಿಯಿದೆಯೇ, ಹತ್ತುಪಾಲು ಹೆಚ್ಚು ಹಣ ಬಂದರೆ ಅದನ್ನು ಸರಿಯಾಗಿ ಖರ್ಚುಮಾಡಬಲ್ಲರೇ ಎಂಬ ಪ್ರಶ್ನೆಗಳಿಗೆ ಲೆಕ್ಕದ ಪುಸ್ತಕದಲ್ಲಿ ಉತ್ತರವಿರುವುದಿಲ್ಲ. ಕಣಜದಲ್ಲಿರುವ ಧಾನ್ಯವನ್ನು ಅಳೆಯುವುದು ಲೆಕ್ಕದ ತನಿಖೆ. ಮುಂದಿನ ಬೆಳೆಗೆ ಹೊಲದ ಸಾರವೆಷ್ಟಿದೆಯೆಂದು ನೋಡುವುದು ಕಾರ್ಯಶಕ್ತಿಯ ಪರೀಕ್ಷೆ.

ಕಾರ್ಯಶಕ್ತಿಯ ಅಂಗಗಳು

೨೦೦೧ ರಲ್ಲಿ ಅಮೆರಿಕದ ವೆಂಚರ್ ಫಿಲಾಂತ್ರಪಿ ಪಾರ್ಟ್‌ನರ್ಸ್ ಎಂಬ ಧರ್ಮಸಂಸ್ಥೆಗಾಗಿ ಮೆಕಿನ್ಸಿ ಕಂಪನಿಯವರು ಒಂದು ಪರೀಕ್ಷಾ ಪಟ್ಟಿಯನ್ನು ಸಿದ್ಧಪಡಿಸಿದರು. ಅನಂತರ ಬಂದ ಅನೇಕ ಪಟ್ಟಿಗಳಿಗೆ ಅದು ಮಾದರಿಯಾಯಿತು. ಅದರಲ್ಲಿ ಸಂಘದ ಶಕ್ತಿಯನ್ನು ಏಳು ಅಂಗಗಳಾಗಿ ವಿಂಗಡಿಸಿದೆ. ಅವುಗಳನ್ನು ಒಂದು ಕೆರೆ ಸಂಘಕ್ಕೆ ಅನ್ವಯಿಸಿ ನೋಡಿದರೆ ಅರ್ಥವು ಸುಲಭವಾಗುವುದು.

ಮೊದಲನೆಯದು ಗುರಿ: ಸಂಘವು ಯಾವುದಕ್ಕಾಗಿ ಇದೆಯೆಂಬುದನ್ನು ಕಾರ್ಯದರ್ಶಿ ಮಾತ್ರವಲ್ಲದೆ ಕೊನೆಯ ಗದ್ದೆಯ ರೈತನೂ ಹೇಳಬಲ್ಲನೇ? ಎರಡನೆಯದು ಉಪಾಯ: ಹೂಳು ತೆಗೆಯುವುದು, ತೂಬನ್ನು ದುರಸ್ತಿಮಾಡುವುದು, ಒತ್ತುವರಿಯನ್ನು ಬಿಡಿಸುವುದು, ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ನಿಶ್ಚಯವಿದೆಯೇ? ಮೂರನೆಯದು ಕೌಶಲ: ಹಣ ಸಂಗ್ರಹಿಸುವುದು, ಕೆಲಸದ ಫಲವನ್ನು ಅಳೆಯುವುದು, ಸರ್ಕಾರದ ಕಚೇರಿಗಳೊಡನೆ ವ್ಯವಹರಿಸುವುದು ತಿಳಿದಿದೆಯೇ? ನಾಲ್ಕನೆಯದು ಜನ: ಆಡಳಿತ ಮಂಡಲಿಯವರು, ನೀರುಗಂಟಿ, ಲೆಕ್ಕ ಬರೆಯುವವನು, ಇವರಲ್ಲಿ ಒಬ್ಬರಿಲ್ಲದಿದ್ದರೆ ಮತ್ತೊಬ್ಬರು ಸಿದ್ಧರಿದ್ದಾರೆಯೇ? ಐದನೆಯದು ಸಾಧನ ಮತ್ತು ಕ್ರಮ: ನಡವಳಿಯ ಪುಸ್ತಕ, ರಸೀತಿ, ಬ್ಯಾಂಕಿನ ಖಾತೆ, ಕಾಗದಪತ್ರಗಳನ್ನಿಡುವ ಜಾಗ. ಆರನೆಯದು ರಚನೆ: ಯಾರು ತೀರ್ಮಾನಿಸಬೇಕು, ಯಾರು ನಡೆಸಬೇಕು, ಯಾರು ಲೆಕ್ಕ ಕೇಳಬೇಕು ಎಂಬ ಹಂಚಿಕೆ. ಏಳನೆಯದು ಪದ್ಧತಿ ಮತ್ತು ಮನೋಧರ್ಮ: ತಪ್ಪಾದಾಗ ಒಪ್ಪಿಕೊಂಡು ತಿದ್ದಿಕೊಳ್ಳುವ ರೂಢಿಯಿದೆಯೇ, ಮುಚ್ಚಿಡುವ ರೂಢಿಯಿದೆಯೇ?

ಒಂದೊಂದು ಅಂಗಕ್ಕೂ ನಾಲ್ಕು ಮೆಟ್ಟಿಲುಗಳಿರುತ್ತವೆ: ಶಕ್ತಿಯು ಬಹು ಕೊಂಚ, ಮೂಲಮಟ್ಟಿಗೆ ಇದೆ, ಸಾಕಷ್ಟಿದೆ, ಬಹಳ ಚೆನ್ನಾಗಿದೆ. ಪ್ರತಿ ಮೆಟ್ಟಿಲಿನಲ್ಲಿಯೂ ಏನು ಕಾಣಬೇಕೆಂಬುದನ್ನು ಮಾತಿನಲ್ಲಿ ವಿವರಿಸಿ ಬರೆದಿರುವುದು ಈ ಪಟ್ಟಿಯ ವಿಶೇಷ. ಅಂಕವನ್ನು ಮನಸ್ಸಿಗೆ ಬಂದಂತೆ ಕೊಡದೆ, ಯಾವ ವಿವರಣೆಯು ಸಂಘದ ಸ್ಥಿತಿಗೆ ಹೊಂದುವುದೋ ಅದನ್ನು ಗುರುತಿಸಬೇಕು. ಕಟ್ಟಡ, ಕಂಪ್ಯೂಟರು ಮೊದಲಾದುವುಗಳಿಗೆ ಹಣ ಹಾಕುವುದಕ್ಕಿಂತ ಮುಂಚೆ ಗುರಿಯನ್ನೂ ಉಪಾಯವನ್ನೂ ನೆಟ್ಟಗೆ ಮಾಡಿಕೊಂಡ ಸಂಸ್ಥೆಗಳೇ ಹೆಚ್ಚಾಗಿ ಬಲಗೊಂಡುವೆಂಬುದು ಆ ಅಧ್ಯಯನದಿಂದ ತಿಳಿದುಬಂದ ಒಂದು ಮುಖ್ಯ ವಿಷಯ.

ಪರೀಕ್ಷಕನ ಕಣ್ಣನ್ನು ತಿದ್ದುವುದು

ಪಟ್ಟಿಯು ಎಷ್ಟು ಚೆನ್ನಾಗಿದ್ದರೂ ಅದನ್ನು ಹಿಡಿದವನ ಕಣ್ಣು ಸರಿಯಾಗಿರದಿದ್ದರೆ ಪ್ರಯೋಜನವಿಲ್ಲ. ಇದಕ್ಕೆ ಬೆಳೆಯ ಅಂದಾಜಿನ ಚರಿತ್ರೆಯೇ ಒಳ್ಳೆಯ ನಿದರ್ಶನ. ಹಿಂದೆ ಊರಿನ ಬೆಳೆಯನ್ನು ಆಣೆವಾರಿಯಲ್ಲಿ ಹೇಳುತ್ತಿದ್ದರು. ಪೂರ್ಣ ಬೆಳೆಯೆಂದರೆ ಹದಿನಾರಾಣೆ. ಬದುವಿನ ಮೇಲೆ ನಿಂತು ನೋಡಿ ಎಂಟಾಣೆಯೆಂದೋ ಹತ್ತಾಣೆಯೆಂದೋ ಪಟೇಲ ಶಾನುಭೋಗರು ನಿರ್ಣಯಿಸುತ್ತಿದ್ದರು. ಅವರಿಗೆ ಅನುಭವವು ಕಡಮೆಯಿರಲಿಲ್ಲ. ಆದರೆ ಕಂದಾಯದ ವಿನಾಯಿತಿಯು ಆಣೆಯನ್ನು ಅವಲಂಬಿಸಿದ್ದಾಗ ಅಂದಾಜು ಆ ಕಡೆಗೆ ವಾಲುವುದು ಸಹಜವಾಗಿತ್ತು. ೧೯೪೦ ರ ದಶಕದಲ್ಲಿ ಪಿ. ವಿ. ಸುಖಾತ್ಮೆ, ವಿ. ಜಿ. ಪಾನ್ಸೆ ಎಂಬ ವಿದ್ವಾಂಸರು ಬೇರೆ ಕ್ರಮವನ್ನು ರೂಢಿಗೆ ತಂದರು. ಯಾವ ಹೊಲವೆಂಬುದನ್ನು ಚೀಟಿ ಎತ್ತಿದಂತೆ ನಿಷ್ಪಕ್ಷಪಾತವಾಗಿ ಆರಿಸಿ, ಅದರೊಳಗೆ ಅಳತೆಯ ಒಂದು ತುಂಡನ್ನು ಗುರುತುಮಾಡಿ, ಕೊಯ್ದು, ಬಡಿದು, ತೂಗಿ ನೋಡುವುದೇ ಬೆಳೆ ಕಟಾವು ಪ್ರಯೋಗ.

ಈ ಪ್ರಯೋಗದಲ್ಲಿಯೂ ಒಂದು ವಿಚಿತ್ರವು ಕಂಡುಬಂದಿತು. ಗುರುತುಮಾಡಿದ ತುಂಡು ಬಹಳ ಚಿಕ್ಕದಾದರೆ ಇಳುವರಿಯು ನಿಜಕ್ಕಿಂತ ಹೆಚ್ಚಾಗಿ ಬರುತ್ತಿತ್ತು. ಕಾರಣವನ್ನು ಶೋಧಿಸಲಾಗಿ, ಕೊಯ್ಯುವವರು ಗೆರೆಯ ಮೇಲೆ ನಿಂತ ಪೈರನ್ನು ತಿಳಿಯದೆಯೇ ಒಳಕ್ಕೆ ಸೇರಿಸಿಕೊಳ್ಳುತ್ತಿದ್ದರೆಂದು ಸುಖಾತ್ಮೆಯವರು ತೋರಿಸಿದರು. ಮೋಸದ ಉದ್ದೇಶವಿಲ್ಲದವನ ಕೈಯೂ ಒಂದು ಕಡೆಗೆ ವಾಲುವುದೆಂಬುದು ಇದರ ನೀತಿ. ಸಂಘಗಳ ಪರೀಕ್ಷಕನ ಶಿಕ್ಷಣವು ಆರಂಭವಾಗಬೇಕಾದುದು ಇಲ್ಲಿಯೇ. ಗೆರೆಯ ಮೇಲಿನ ಸಂಗತಿಗಳನ್ನು ತನಗೆ ಹಿಡಿಸಿದ ಸಂಘದ ಪಕ್ಷಕ್ಕೆ ಸೇರಿಸಿಕೊಳ್ಳುವ ಸ್ವಭಾವವು ತನ್ನಲ್ಲಿಯೂ ಇದೆಯೆಂಬುದನ್ನು ಅವನು ಮೊದಲು ಅರಿಯಬೇಕು.

ಅದಕ್ಕಾಗಿ ಕಲಿಯುವವರನ್ನು ಇಬ್ಬಿಬ್ಬರಾಗಿ ಒಂದೇ ಸಂಘಕ್ಕೆ ಕಳುಹಿಸಿ, ಒಬ್ಬರ ಅಂಕಗಳನ್ನು ಇನ್ನೊಬ್ಬರಿಗೆ ತೋರಿಸದೆ ಬರೆಯಿಸುವುದು ಒಳ್ಳೆಯ ಅಭ್ಯಾಸ. ಆಮೇಲೆ ಎರಡನ್ನೂ ಹೋಲಿಸಬೇಕು. ಒಬ್ಬನು ನಾಲ್ಕನೆಯ ಮೆಟ್ಟಿಲೆಂದೂ ಮತ್ತೊಬ್ಬನು ಎರಡನೆಯದೆಂದೂ ಬರೆದಿದ್ದರೆ, ಯಾವ ಸಾಕ್ಷ್ಯವನ್ನು ನೋಡಿ ಹಾಗೆ ಬರೆದೆನೆಂದು ಇಬ್ಬರೂ ಹೇಳಬೇಕು. ಸಾಕ್ಷ್ಯವಿಲ್ಲದ ಅಂಕವನ್ನು ತೆಗೆದುಹಾಕಬೇಕು. ಹೀಗೆ ಹಲವು ಸಂಘಗಳಲ್ಲಿ ಅಭ್ಯಾಸವಾಗಿ, ಅನುಭವಸ್ಥನೊಬ್ಬನ ಜತೆಯಲ್ಲಿ ಓಡಾಡಿ, ಇಬ್ಬರ ನಿರ್ಣಯಗಳು ಸಾಮಾನ್ಯವಾಗಿ ಹೊಂದಿಕೆಯಾದ ಮೇಲೆಯೇ ಒಬ್ಬನನ್ನು ಸ್ವತಂತ್ರವಾಗಿ ಕಳುಹಿಸಬೇಕು. ತರಗತಿಯ ಪಾಠ ಮಾತ್ರದಿಂದ ಪರೀಕ್ಷಕನಾಗುವುದು, ಪುಸ್ತಕವನ್ನೋದಿ ನೇಗಿಲು ಹಿಡಿದಂತೆಯೇ.

ಪ್ರಶ್ನಿಸುವ ಕ್ರಮ

ಕಲಿಯದ ಪರೀಕ್ಷಕನು “ಸಭೆಗಳು ಕ್ರಮವಾಗಿ ನಡೆಯುತ್ತವೆಯೇ?” ಎಂದು ಕೇಳುತ್ತಾನೆ. “ನಡೆಯುತ್ತವೆ ಸ್ವಾಮಿ” ಎಂಬ ಉತ್ತರವು ಎಲ್ಲ ಊರಿನಲ್ಲಿಯೂ ಸಿದ್ಧವಾಗಿರುತ್ತದೆ. ಕಲಿತವನು ಕೇಳುವ ರೀತಿ ಬೇರೆ: ಕಡೆಯ ಸಭೆಯು ಯಾವ ದಿನ ನಡೆಯಿತು? ಯಾರಾರು ಬಂದಿದ್ದರು? ಯಾವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಿತು? ಏನು ತೀರ್ಮಾನವಾಯಿತು? ಆ ತೀರ್ಮಾನದಂತೆ ಇದುವರೆಗೆ ಏನು ನಡೆದಿದೆ? ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಕಟ್ಟಿ ಹೇಳುವುದು ಸುಲಭವಲ್ಲ. ನಡವಳಿಯ ಪುಸ್ತಕದಲ್ಲಿ ಹನ್ನೆರಡು ಸಭೆಗಳೂ ಒಂದೇ ಶಾಯಿಯಿಂದ ಒಂದೇ ಓಟದಲ್ಲಿ ಬರೆದಂತೆ ಕಂಡರೆ ಅದರ ಅರ್ಥವನ್ನೂ ಅವನು ತಿಳಿಯಬೇಕು.

ಯಾವ ಸಂಗತಿಯನ್ನಾದರೂ ಮೂರು ಕಡೆಯಿಂದ ನೋಡಿ ನಿಶ್ಚಯಿಸಬೇಕೆಂಬುದು ಎರಡನೆಯ ನಿಯಮ: ಬರೆದುದು, ಹೇಳಿದುದು, ಕಂಡುದು. ನೀರಿನ ಸರದಿಯ ಪಟ್ಟಿಯು ಪುಸ್ತಕದಲ್ಲಿದೆ; ಸರದಿಯು ತಪ್ಪದೆಂದು ಅಧ್ಯಕ್ಷರು ಹೇಳುತ್ತಾರೆ; ಆದರೆ ಕಾಲುವೆಯ ಕೊನೆಗೆ ನಡೆದುಹೋಗಿ ನೋಡಿದರೆ ಅಲ್ಲಿಯ ಗದ್ದೆಗಳು ಬಿರುಕುಬಿಟ್ಟಿವೆ. ಹೀಗಿರುವಲ್ಲಿ ಮೂರನೆಯದನ್ನು ನೋಡದವನ ವರದಿಯು ಎಷ್ಟು ಪುಟಗಳಿದ್ದರೂ ಸುಳ್ಳಾಗುವುದು.

ಯಾರನ್ನು ಕೇಳಬೇಕೆಂಬುದು ಮೂರನೆಯ ನಿಯಮ. ಮುಖಂಡರು ಕುಳಿತಿರುವ ಚಾವಡಿಯಲ್ಲಿ ಸಣ್ಣ ಹಿಡುವಳಿದಾರರೂ ಕೂಲಿಯವರೂ ಹೆಂಗಸರೂ ಬಾಯಿಬಿಡುವುದಿಲ್ಲ. ಇದು ಮುಖಂಡರ ದೋಷವೆಂದೇ ತಿಳಿಯಬೇಕಾಗಿಲ್ಲ. ಮರ್ಯಾದೆಯೂ ಸಂಕೋಚವೂ ಅದಕ್ಕೆ ಕಾರಣವಾಗಿರಬಹುದು. ಪರೀಕ್ಷಕನು ಅಂತಹವರೊಡನೆ ಬೇರೆಯಾಗಿ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ, ಅವರು ಕೂಡುವ ಸ್ಥಳದಲ್ಲಿ ಮಾತನಾಡಬೇಕು. ಸಂಘವನ್ನು ಬಿಟ್ಟುಹೋದವರನ್ನೂ ತಪ್ಪದೆ ಕಾಣಬೇಕು. ಒಳಗಿರುವವರು ಹೇಳದ ಕಾರಣವನ್ನು ಹೊರಗೆ ಹೋದವರು ಹೇಳುವರು. ಅವರ ಮಾತಿನಲ್ಲಿ ಬೇಸರವೆಷ್ಟು, ಸತ್ಯವೆಷ್ಟೆಂದು ತೂಗಿ ನೋಡುವುದೂ ಅವನ ಶಿಕ್ಷಣದಲ್ಲಿ ಸೇರಿದೆ.

ಅಂಕಗಳಲ್ಲಿ ಕಾಣುವ ಒಡಕು

ಹೊರಗಿನಿಂದ ಬಂದವನು ಅಂಕ ಕೊಡುವುದಕ್ಕಿಂತ ಸದಸ್ಯರೇ ತಮ್ಮ ಸಂಘವನ್ನು ಅಳೆದುಕೊಳ್ಳುವುದು ಹೆಚ್ಚು ಫಲದಾಯಕವೆಂಬ ಅಭಿಪ್ರಾಯವು ಬಲವಾಗಿದೆ. ೧೯೯೭ ರಲ್ಲಿ ಅಮೆರಿಕದ ಎಜುಕೇಷನ್ ಡೆವಲಪ್‌ಮೆಂಟ್ ಸೆಂಟರ್ ಹಾಗೂ ಪ್ಯಾಕ್ಟ್ ಎಂಬ ಸಂಸ್ಥೆಗಳು ಸೇರಿ ಇಂತಹ ಒಂದು ಕ್ರಮವನ್ನು ರೂಪಿಸಿದುವು. ಅದರಲ್ಲಿ ಸದಸ್ಯರು ಮೊದಲು ತಮ್ಮ ಸಂಘದಲ್ಲಿ ಈಚೆಗೆ ನಡೆದ ಒಂದು ಸಂಗತಿಯನ್ನು ನೆನೆದು ಎಲ್ಲರೆದುರಿಗೂ ಚರ್ಚಿಸುವರು. ಆಮೇಲೆ ಪ್ರತಿಯೊಬ್ಬರೂ ಬೇರೊಬ್ಬರಿಗೆ ತಿಳಿಯದಂತೆ ತಮ್ಮ ಅಂಕವನ್ನು ಬರೆದುಕೊಡುವರು. ಇದರಿಂದ ಎರಡು ಫಲಿತಾಂಶಗಳು ದೊರೆಯುವುವು: ಸಂಘದ ಶಕ್ತಿಯೆಷ್ಟು ಎಂಬುದು ಒಂದು, ಆ ವಿಷಯದಲ್ಲಿ ಸದಸ್ಯರೊಳಗೆ ಒಮ್ಮತವೆಷ್ಟು ಎಂಬುದು ಇನ್ನೊಂದು.

ಎರಡನೆಯದರ ಬೆಲೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಕೆರೆ ಸಂಘದಲ್ಲಿ ಹತ್ತು ಮಂದಿ ಸದಸ್ಯರು ನಾಲ್ಕು ಅಂಕಗಳಿಗೆ ತಮ್ಮ ಅಭಿಪ್ರಾಯವನ್ನು ಬರೆದರೆಂದಿಟ್ಟುಕೊಳ್ಳೋಣ. ಲೆಕ್ಕದ ಪುಸ್ತಕದ ವಿಷಯದಲ್ಲಿ ಹತ್ತು ಮಂದಿಯೂ ೩ ಎಂದು ಬರೆದರು. ಸರಾಸರಿ ೩. ನೀರಿನ ಹಂಚಿಕೆಯ ವಿಷಯದಲ್ಲಿ ಐದು ಮಂದಿ ೪ ಎಂದೂ ಐದು ಮಂದಿ ೨ ಎಂದೂ ಬರೆದರು. ಇದರ ಸರಾಸರಿಯೂ ೩. ಸರಾಸರಿಯನ್ನು ಮಾತ್ರ ನೋಡಿದವನಿಗೆ ಎರಡೂ ಸಮಾನವಾಗಿ ತೋರುವುವು. ಆದರೆ ೪ ಎಂದವರು ತೂಬಿನ ಹತ್ತಿರದ ಗದ್ದೆಗಳವರು, ೨ ಎಂದವರು ಕಾಲುವೆಯ ಕೊನೆಯವರು ಎಂದು ತಿಳಿದುಬಂದರೆ, ಮೊದಲ ಬರಗಾಲದಲ್ಲಿಯೇ ಈ ಸಂಘವು ಒಡೆಯತಕ್ಕ ಜಾಗವು ಯಾವುದೆಂದು ಗೊತ್ತಾದಂತಾಯಿತು. ಅದನ್ನು ಮಳೆಯಿರುವಾಗಲೇ ಸರಿಪಡಿಸಿಕೊಳ್ಳಬಹುದು. ಆದುದರಿಂದ ಸರಾಸರಿಯನ್ನು ತೆಗೆಯುವುದಕ್ಕಿಂತ ಅಂಕಗಳ ಹರಡಿಕೆಯನ್ನು ಓದುವುದನ್ನು ಪರೀಕ್ಷಕನಿಗೆ ಮುಖ್ಯವಾಗಿ ಕಲಿಸಬೇಕು.

ಸಾಮಾನ್ಯವಾದ ದೋಷಗಳು

ಕಲಿಯುವವರಲ್ಲಿ ಪದೇಪದೇ ಕಾಣುವ ಕೆಲವು ದೋಷಗಳಿವೆ. ಅಧ್ಯಕ್ಷರು ಚೆನ್ನಾಗಿ ಮಾತನಾಡಿದರೆ ಸಂಘದ ಎಲ್ಲ ಅಂಗಗಳಿಗೂ ಹೆಚ್ಚು ಅಂಕ ಕೊಡುವುದು ಒಂದು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಎಲ್ಲಕ್ಕೂ ನಡುವಿನ ಅಂಕವನ್ನೇ ಕೊಡುವುದು ಇನ್ನೊಂದು. ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಪಟ್ಟಣದ ದೊಡ್ಡ ಸಂಸ್ಥೆಯ ಅಳತೆಯಿಂದ ಹಳ್ಳಿಯ ಸಂಘವನ್ನು ಅಳೆದು, ಬರೆದ ಕಾಗದವಿಲ್ಲವೆಂಬ ಕಾರಣಕ್ಕೆ ಶಕ್ತಿಯೇ ಇಲ್ಲವೆಂದು ನಿರ್ಣಯಿಸುವುದು ಮೂರನೆಯದು. ತಲೆಮಾರುಗಳಿಂದ ಬಾಯಿಮಾತಿನಲ್ಲಿಯೇ ನೀರಿನ ಸರದಿಯನ್ನು ನ್ಯಾಯವಾಗಿ ನಡೆಸಿಕೊಂಡು ಬಂದ ಊರುಗಳುಂಟು. ಅಂತಹ ಊರಿಗೆ ಬೇಕಾದುದು ಆ ವಾಡಿಕೆಯನ್ನು ಬರೆದಿಡುವ ಸಹಾಯವೇ ಹೊರತು ಕಡಮೆ ಅಂಕವಲ್ಲ. ತನಗೆ ಮುಂದೆ ಕೆಲಸ ಸಿಕ್ಕಲೆಂದು ನ್ಯೂನತೆಗಳನ್ನು ದೊಡ್ಡದುಮಾಡಿ ತೋರಿಸುವುದು ನಾಲ್ಕನೆಯದು. ಇದನ್ನು ತಪ್ಪಿಸಬೇಕಾದರೆ ಪರೀಕ್ಷೆ ಮಾಡಿದವನಿಗೇ ನ್ಯೂನತೆಯನ್ನು ತಿದ್ದುವ ಕೆಲಸವನ್ನು ವಿಚಾರಿಸದೆ ವಹಿಸಬಾರದು.

ನಡತೆಯ ವಿಷಯದಲ್ಲಿಯೂ ಶಿಕ್ಷಣವು ಅಗತ್ಯ. ಪರೀಕ್ಷಕನಿಗೆ ಆ ಸಂಘದಲ್ಲಿ ಬಂಧುಗಳಾಗಲಿ ಸ್ವಂತ ಲಾಭವಾಗಲಿ ಇದ್ದರೆ ಮೊದಲೇ ತಿಳಿಸಿ ದೂರವಿರಬೇಕು. ಹಣ ಕೊಡಿಸುವೆನೆಂದು ಆಸೆಹುಟ್ಟಿಸಬಾರದು. ಒಬ್ಬರು ಗುಟ್ಟಾಗಿ ಹೇಳಿದುದನ್ನು ಹೆಸರಿನೊಡನೆ ಬಯಲುಮಾಡಬಾರದು. ಕಂಡುಬಂದುದನ್ನು ಮೇಲಿನವರಿಗೆ ಕಳುಹಿಸುವುದಕ್ಕೆ ಮುಂಚೆ ಸದಸ್ಯರ ಸಭೆಯಲ್ಲಿ, ಅವರಿಗೆ ತಿಳಿಯುವ ಕನ್ನಡದಲ್ಲಿ ಓದಿಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕು.

ಪರೀಕ್ಷೆಯ ಉದ್ದೇಶವನ್ನು ಬೆರೆಸದಿರುವುದು

ಆಣೆವಾರಿಗೆ ಕಂದಾಯವನ್ನು ಗಂಟುಹಾಕಿದಾಗ ಅಂದಾಜು ವಾಲಿದಂತೆ, ಅಂಕಕ್ಕೆ ಹಣವನ್ನು ಗಂಟುಹಾಕಿದರೆ ಅಂಕವೂ ವಾಲುವುದು. ಹೆಚ್ಚು ಅಂಕಕ್ಕೆ ಹೆಚ್ಚು ಹಣವೆಂದು ತಿಳಿದರೆ ಸದಸ್ಯರು ದೋಷಗಳನ್ನು ಮುಚ್ಚಿಡುವರು. ಬಡ ಸಂಘಕ್ಕೇ ಸಹಾಯವೆಂದು ತಿಳಿದರೆ ಇಲ್ಲದ ದೋಷಗಳನ್ನು ಹೇಳಿಕೊಳ್ಳುವರು. ಸಾಲಕ್ಕೆ ಯೋಗ್ಯವೇ ಎಂದು ಬ್ಯಾಂಕಿನವರು ನಡೆಸುವ ಪರೀಕ್ಷೆಯು ಅವಶ್ಯಕವಾದುದೇ. ಆದರೆ ಅದು ಬೇರೆ, ಸಂಘವು ತನ್ನನ್ನು ತಾನು ತಿದ್ದಿಕೊಳ್ಳುವುದಕ್ಕಾಗಿ ನಡೆಸುವ ಪರೀಕ್ಷೆಯು ಬೇರೆ. ಎರಡನ್ನೂ ಒಂದೇ ದಿನ, ಒಬ್ಬನೇ, ಒಂದೇ ಕಾಗದದಲ್ಲಿ ಮಾಡಿದರೆ ಎರಡೂ ಕೆಡುವುವು. ಯಾವುದಕ್ಕಾಗಿ ಬಂದಿರುವೆನೆಂಬುದನ್ನು ಪರೀಕ್ಷಕನು ಮೊದಲನೆಯ ಮಾತಿನಲ್ಲಿಯೇ ಸ್ಪಷ್ಟಪಡಿಸತಕ್ಕದ್ದು.

೨೦೨೦ ರಲ್ಲಿ ಕೇಂದ್ರ ಸರ್ಕಾರವು ಹತ್ತು ಸಾವಿರ ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಪ್ರಾರಂಭಿಸಿತು. ಬಯಲು ಸೀಮೆಗಳಲ್ಲಿ ಕನಿಷ್ಠ ಮುನ್ನೂರು ರೈತರು ಸೇರಬೇಕೆಂದೂ ಒಂದೊಂದು ಸಂಸ್ಥೆಗೆ ಆಡಳಿತದ ವೆಚ್ಚಕ್ಕಾಗಿ ಮೂರು ವರ್ಷಗಳಲ್ಲಿ ಹದಿನೆಂಟು ಲಕ್ಷ ರೂಪಾಯಿಗಳ ವರೆಗೆ ಸಹಾಯ ದೊರೆಯುವುದೆಂದೂ ಅದರಲ್ಲಿ ಗೊತ್ತುಮಾಡಲಾಯಿತು. ಇಷ್ಟು ಹಣವು ಹಳ್ಳಿಗೆ ಬರುವಾಗ ಸಂಸ್ಥೆಯ ಒಳಶಕ್ತಿಯನ್ನು ನೋಡಿಕೊಳ್ಳುವುದು ಎಷ್ಟು ಮುಖ್ಯವೆಂಬುದನ್ನು ಊಹಿಸಬಹುದು. ಮೂರು ವರ್ಷಗಳ ಸಹಾಯವು ನಿಂತ ಮೇಲೆ ನಾಲ್ಕನೆಯ ವರ್ಷ ಸಂಸ್ಥೆಯು ತನ್ನ ಕಾಲಮೇಲೆ ನಿಲ್ಲುವುದೇ ಎಂಬುದೇ ನಿಜವಾದ ಪ್ರಶ್ನೆ.

ಗ್ರಾಮದ ಮುಖಂಡರು ಗಮನಿಸತಕ್ಕ ವಿಷಯಗಳು

೧. ಪರೀಕ್ಷಕನು ಬಂದಾಗ ಅವನನ್ನು ಕಳುಹಿಸಿದವರು ಯಾರು, ವರದಿಯನ್ನು ಯಾರು ಓದುವರು, ಅವನು ಇದಕ್ಕೆ ಮೊದಲು ಯಾರ ಜತೆಯಲ್ಲಿ ಅಭ್ಯಾಸಮಾಡಿದ್ದಾನೆ ಎಂಬುದನ್ನು ವಿಚಾರಿಸಬೇಕು. ಕಲಿತ ಪರೀಕ್ಷಕನು ಇಂತಹ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

೨. ಪುಸ್ತಕಗಳನ್ನು ಇದ್ದಂತೆಯೇ ತೋರಿಸಬೇಕು. ಪರೀಕ್ಷೆಯ ಹಿಂದಿನ ರಾತ್ರಿ ನಡವಳಿಯನ್ನು ಬರೆದು ತುಂಬಿಸುವುದರಿಂದ ಸಂಘದ ಮೊದಲನೆಯ ನಷ್ಟವು ಆರಂಭವಾಗುವುದು.

೩. ಸಭೆಯಲ್ಲಿ ಮುಖಂಡರು ಕಡೆಯಲ್ಲಿ ಮಾತನಾಡುವುದು ಲೇಸು. ಅವರು ಮೊದಲು ಹೇಳಿದರೆ ಉಳಿದವರು ಅದನ್ನೇ ಹೇಳುವರು, ಹೊಸದೇನೂ ತಿಳಿಯದು.

೪. ಸಣ್ಣ ಹಿಡುವಳಿದಾರರೊಡನೆಯೂ ಹೆಂಗಸರೊಡನೆಯೂ ಪರೀಕ್ಷಕನು ಬೇರೆಯಾಗಿ ಮಾತನಾಡುವುದಕ್ಕೆ ಅನುಕೂಲ ಮಾಡಿಕೊಡಬೇಕು. ಆಮೇಲೆ ಯಾರು ಏನು ಹೇಳಿದರೆಂದು ಕೆದಕಬಾರದು.

೫. ಫಲಿತಾಂಶವನ್ನು ಬೀರುವಿನಲ್ಲಿಡದೆ, ಎರಡು ಮೂರು ನ್ಯೂನತೆಗಳನ್ನು ಮಾತ್ರ ಆರಿಸಿಕೊಂಡು, ಯಾರು, ಯಾವ ತಿಂಗಳೊಳಗೆ, ಏನು ಮಾಡಬೇಕೆಂದು ಸಭೆಯಲ್ಲಿ ತೀರ್ಮಾನಿಸಿ ಬರೆದಿಡಬೇಕು. ಇಪ್ಪತ್ತು ನ್ಯೂನತೆಗಳನ್ನು ಒಟ್ಟಿಗೆ ಹಿಡಿದವರು ಒಂದನ್ನೂ ಮುಗಿಸಲಾರರು.

೬. ಒಂದು ವರ್ಷ ಕಳೆದ ಮೇಲೆ ಅದೇ ಪಟ್ಟಿಯಿಂದ ಮತ್ತೆ ಅಳೆದುಕೊಳ್ಳಬೇಕು. ಎರಡನೆಯ ಸಾರಿ ಊರಿನ ಇಬ್ಬರು ವಿದ್ಯಾವಂತ ತರುಣ ತರುಣಿಯರು ಪರೀಕ್ಷಕನ ಜತೆಯಲ್ಲಿ ಕುಳಿತು ಕ್ರಮವನ್ನು ಕಲಿತರೆ ಮೂರನೆಯ ಸಾರಿ ಹೊರಗಿನವರ ಅವಶ್ಯಕತೆಯು ಬಹಳ ಕಡಮೆಯಾಗುವುದು.

ಈ ಆರರಲ್ಲಿ ಮೂರನೆಯದೂ ನಾಲ್ಕನೆಯದೂ ಮುಖಂಡರಿಗೆ ಸ್ವಲ್ಪ ಕಷ್ಟವಾಗಿ ತೋರಬಹುದು. ಊರಿನ ಭಾರವನ್ನು ಹೊತ್ತವನಿಗೆ ತನ್ನ ಕಾರ್ಯದ ಕುಂದನ್ನು ಇತರರ ಬಾಯಿಂದ ಕೇಳುವುದು ಹಿತವಲ್ಲ. ಆದರೆ ತೂಬಿನ ಕಲ್ಲು ಸಡಿಲವಾಗಿದೆಯೆಂದು ನೀರುಗಂಟಿಯು ಬೇಸಗೆಯಲ್ಲಿಯೇ ಹೇಳಿದರೆ ಯಾವ ಮುಖಂಡನೂ ಕೋಪಿಸಿಕೊಳ್ಳುವುದಿಲ್ಲ. ಮಳೆಗಾಲಕ್ಕೆ ಮೊದಲೇ ಕಲ್ಲನ್ನು ಭದ್ರಪಡಿಸುತ್ತಾನೆ. ಸಂಘದ ಸಡಿಲವನ್ನು ಕಾಲಕ್ಕೆ ಮುಂಚೆ ತೋರಿಸುವವನೂ ಅಂತಹ ನೀರುಗಂಟಿಯೇ. ಅವನು ಸರಿಯಾಗಿ ಕಲಿತವನಾಗಿರುವಂತೆ ನೋಡಿಕೊಳ್ಳುವುದೂ, ಅವನು ತೋರಿಸಿದುದನ್ನು ಸರಿಪಡಿಸುವುದೂ ಊರಿನವರ ಕೈಯಲ್ಲಿಯೇ ಇದೆ.